ಮರ್ಯಾದೆ ಮೇಷ್ಟ್ರ ಕೋಟು

ಪರದೇಶದಲ್ಲಿ ಹೇಗೆ ಕೂರಬೇಕು, ಹೇಗೆ ಏಳಬೇಕು, ಸೀನು ಬಂದರೆ ಯಾವ ಕಡೆ ಮುಖ ತಿರುಗಿಸಬೇಕು ಎಂಬುದನ್ನೆಲ್ಲ ಊರಿಗೆ ಹೇಳಿಕೊಡುತ್ತಿದ್ದ ಭಾವನವರು, ತಾವು ಮಾತ್ರ ಐವತ್ತೆರಡನೆಯ ವಯಸ್ಸಿನವರೆಗೂ ಗಡಿ ದಾಟಿದವರಲ್ಲ. ದಡದಲ್ಲಿ ಕೂತು ಈಜು ಕಲಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಬಟ್ಟೆ ಯಾವಾಗಲೂ ಒಣಗಿರುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ, ಅಷ್ಟೆ. ಮನೆಯ ಮಹಡಿಯಲ್ಲಿ ವಾರಕ್ಕೆ ಮೂರು ದಿನ ಅವರ ಪಾಠ. ಹೊರದೇಶಕ್ಕೆ ಹೊರಟವರು ಕಾಲು ಜೋಡಿಸಿಕೊಂಡು ಕೂತು ಬರೆದುಕೊಳ್ಳುತ್ತಿದ್ದರು. ಪಾಠಕ್ಕೆ ಆಧಾರ ಒಂದು ದಪ್ಪ ನೋಟ್‌ಬುಕ್ಕು. ಅದರಲ್ಲಿ ನೂರೆಂಟು ನಿಯಮಗಳು. ಅವನ್ನು ಎಲ್ಲಿಂದ ತಂದಿರಿ ಎಂದು ಕೇಳಿದವರಿಗೆ ಭಾವನವರು ಕಣ್ಣು ಮುಚ್ಚಿ ನಗುತ್ತಿದ್ದರು. ಊರು ಅವರನ್ನು ಮರ್ಯಾದೆ ಮೇಷ್ಟ್ರು ಎನ್ನುತ್ತಿತ್ತು. ಅದು ಹೊಗಳಿಕೆ ಎಂದೇ ಅವರು ತಿಳಿದಿದ್ದರು.

ಮಹಡಿಯ ಕೆಳಗೆ, ಅದೇ ಮನೆಯ ನೆಲದ ಮಟ್ಟದಲ್ಲಿ, ಅವರ ತಮ್ಮನ ಹೆಂಡತಿ ಮರ ಕೆತ್ತುತ್ತಿದ್ದಳು. ಬೂಟು ಹೊಲಿಯುವವರು ಚರ್ಮವನ್ನು ಎಳೆದು ಕೂರಿಸುವುದಕ್ಕೆ ಒಂದು ಮರದ ಪಾದ ಬೇಕಾಗುತ್ತದೆ. ಅದಕ್ಕೆ ಅಚ್ಚು ಅನ್ನುತ್ತಾರೆ. ಒಬ್ಬೊಬ್ಬರ ಕಾಲಿಗೆ ಒಂದೊಂದು ಜೊತೆ. ಉಗುರಿನಷ್ಟು ಮರ ಹೆಚ್ಚಾದರೆ ಬೂಟು ಸಡಿಲ, ಕಡಿಮೆಯಾದರೆ ಕಾಲಿಗೆ ಗುಳ್ಳೆ. ಈ ಕೆಲಸ ಆ ಮನೆಗೆ ಮೂರು ತಲೆಮಾರಿನಿಂದ ಬಂದದ್ದು. ಮಾವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮರದ ಹೊಟ್ಟು ಮೂಗಿಗೆ ಹೋಗುತ್ತದೆಂದು ಎಂಟನೆಯ ವಯಸ್ಸಿಗೇ ಮಹಡಿ ಹತ್ತಿದವನು ಮತ್ತೆ ಇಳಿಯಲಿಲ್ಲ. ಚಿಕ್ಕವನು ಮರ ಕೊಳ್ಳುವುದರಲ್ಲಿ, ಕೊಯ್ಯುವುದರಲ್ಲಿ ಗಟ್ಟಿಗ, ಆದರೆ ಕೆತ್ತುವ ಕೈ ಅವನದಲ್ಲ. ಹೀಗಾಗಿ ಮಾವನ ಕೈ ಮಕ್ಕಳನ್ನು ದಾಟಿ ಸೊಸೆಗೆ ಬಂತು. ಅವನು ಸತ್ತು ಮೂರು ವರ್ಷವಾದರೂ ಕೆಳಗಿನ ಕೋಣೆಯಲ್ಲಿ ಎಲ್ಲ ಅವನ ಕಾಲದ ಹಾಗೇ ಇತ್ತು. ಉಳಿಗಳು ಅವೇ, ಅರಗಳು ಅವೇ. ತಪ್ಪು ಕಂಡಲ್ಲಿ ಸೀಮೆಸುಣ್ಣದ ಗೀಟು, ತಿದ್ದಲಾಗದ ತಪ್ಪಾದರೆ ಸೊನ್ನೆ. ಗೀಟು ಬಿದ್ದದ್ದು ಮತ್ತೆ ಮೇಜಿಗೆ, ಸೊನ್ನೆ ಬಿದ್ದದ್ದು ಒಲೆಗೆ.

ಯಂತ್ರದಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಅಚ್ಚುಗಳು ಬಂದ ಮೇಲೆ ಕೆಳಗಿನ ಕೆಲಸ ಸೊರಗಿತ್ತು, ಮೇಲಿನ ಪಾಠ ಕೊಬ್ಬಿತ್ತು. ಮನೆಯಲ್ಲಿ ಅರ್ಧ ಭಾಗ ಭಾವನವರದು. ಕೆಳಗಿನ ಕೋಣೆಯೂ ಪಾಠಕ್ಕೆ ಬೇಕು, ಮೇಜು ಕುರ್ಚಿ ಹಾಕಿಸಬೇಕು, ಗೋಡೆಗೆ ಕನ್ನಡಿ ಹೊಡೆಸಬೇಕು ಎಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದರು. ಅಷ್ಟರಲ್ಲಿ ಒಂದು ಕಾಗದ ಬಂತು, ಸತ್ತುಹೋದ ಮಾವನ ಹೆಸರಿಗೆ. ಪರದೇಶದ ಒಬ್ಬ ಮುದುಕ, ಅವನೂ ಅಚ್ಚು ಕೆತ್ತುವವನೇ, ಬರೆಸಿದ್ದ. ತನ್ನ ಕೈ ನಡುಗಲು ಶುರುವಾಗಿದೆ, ತನ್ನ ಗಿರಾಕಿಗಳಿಗೆ ಮುನ್ನೂರು ಜೊತೆ ಕೆತ್ತಿಕೊಡುವವರು ಬೇಕು, ನಿಮ್ಮ ಕೈಯ ಎರಡು ಜೊತೆ ಹಿಡಿದು ಬನ್ನಿ, ನೋಡಿ ಹೇಳುತ್ತೇನೆ ಎಂದಿತ್ತು. ಅಣ್ಣತಮ್ಮಂದಿರು ಮಾತಾಡಿಕೊಂಡರು. ಈ ಕೆಲಸ ಸಿಕ್ಕರೆ ಕೆಳಗಿನ ಕೋಣೆ ಸೊಸೆಯದು. ಸಿಗದಿದ್ದರೆ ವರ್ಷದ ಕೊನೆಗೆ ಉಳಿ, ಅರ ಎಲ್ಲ ಮೂಟೆ ಕಟ್ಟಿ ಕನ್ನಡಿ ಹೊಡೆಯುವುದು.

ಹೋಗಬೇಕಾದವಳು ಅವಳು. ಆದರೆ ಮುದುಕನ ಮಗಳು ಕಾಗದ ಬರೆದಿದ್ದ ಭಾಷೆ ಆ ಮನೆಯಲ್ಲಿ ಭಾವನವರಿಗೆ ಒಬ್ಬರಿಗೇ ಬರುತ್ತಿದ್ದದ್ದು. ಕನ್ನಡಿ ಬೇಕೆನ್ನುವವರೇ ಉಳಿಯ ಪರವಾಗಿ ಮಾತಾಡಲು ಹೊರಟರು. ಅವರಲ್ಲಿ ಮೋಸವಿತ್ತು ಎಂದು ಯಾರೂ ಹೇಳುವಂತಿಲ್ಲ. ಮೋಸ ಮಾಡುವುದಕ್ಕೆ ಸ್ವಲ್ಪ ಬುದ್ಧಿ ಬೇಕು.

"ನೋಡಮ್ಮ," ಎಂದರು ಪ್ರಯಾಣದಲ್ಲಿ, ನೋಟ್‌ಬುಕ್ಕು ಬಿಚ್ಚಿ. "ಅಲ್ಲಿ ನೀನು ನನ್ನ ಮುಖ ನೋಡ್ತಾ ಇರು. ನಾನು ತಲೆ ಆಡಿಸಿದ್ರೆ ನೀನೂ ಆಡಿಸು. ಕೆಮ್ಮಿದ್ರೆ ಸುಮ್ಮನಿರು."

"ಕೆಲಸದ ವಿಷಯ ಬಂದ್ರೆ, ಭಾವ?"

"ಕೆಲಸ ಆಮೇಲೆ. ಮೊದಲು ಮರ್ಯಾದೆ. ಮೂವತ್ತೊಂದನೇ ನಿಯಮ ಕೇಳು. ಆತಿಥೇಯರ ಯಾವ ವಸ್ತುವಿನಲ್ಲೂ ಕೊರತೆ ಕಾಣಬಾರದು, ಕಂಡರೂ ಹೇಳಬಾರದು. ಮೂವತ್ತೆರಡು, ಏನು ತೋರಿಸಿದ್ರೂ ಹೊಗಳಬೇಕು. ಹೇಳು ನೋಡೋಣ."

ಅವಳು ಹೇಳಿದಳು. ಮದುವೆಯಾಗಿ ಇಪ್ಪತ್ತು ವರ್ಷವಾದವಳು ಶಾಲೆಯ ಹುಡುಗಿಯಂತೆ ಒಪ್ಪಿಸಿದಳು. ಅವಳಿಗೂ ಹೆದರಿಕೆ ಇತ್ತು. ಊರು ಬಿಟ್ಟು ಹೊರಗೆ ಹೋದವಳಲ್ಲ, ತನ್ನಿಂದ ಏನಾದರೂ ಎಡವಟ್ಟಾಗಿ ಕೋಣೆ ಕೈಬಿಟ್ಟರೆ ಎಂಬ ಅಳುಕು. ಹೆದರಿದವರಿಗೆ ಪುಸ್ತಕ ಹಿಡಿದವರೆಲ್ಲ ಪಂಡಿತರಾಗಿ ಕಾಣುತ್ತಾರೆ.

ಆ ಪಾಂಡಿತ್ಯದ ಮೊದಲ ರುಚಿ ಹೋಟೆಲಿನ ಬಾಗಿಲಲ್ಲೇ ಸಿಕ್ಕಿತು. ಒಳಗೆ ಹೋಗುವ ಮುನ್ನ ಕಾಲಲ್ಲಿದ್ದುದನ್ನು ಕಳಚುವುದು ಹದಿನೇಳನೆಯ ನಿಯಮ. ಭಾವನವರು ಬೂಟು ಕಳಚಿ ಎರಡೂ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲಿ ನುಣುಪು ನೆಲದ ಮೇಲೆ ಜಾರುತ್ತಾ ಗುಮಾಸ್ತನ ಮುಂದೆ ನಿಂತರು. ಅವನು ಬೂಟನ್ನು ನೋಡಿ, ಅವರನ್ನು ನೋಡಿ, ಬಹಳ ವಿನಯದಿಂದ ರಸ್ತೆಯ ಆಚೆ ಕೈ ತೋರಿಸಿದ. ಅಲ್ಲೊಂದು ಬೂಟು ರಿಪೇರಿ ಅಂಗಡಿ ಇತ್ತು.

"ಎಷ್ಟು ಸೂಕ್ಷ್ಮ ನೋಡು ಈ ಜನ," ಎಂದರು ಭಾವನವರು. "ನಾವು ಬೂಟಿನ ಕೆಲಸಕ್ಕೆ ಬಂದಿದ್ದೀವಿ ಅಂತ ಹೇಗೆ ಗೊತ್ತಾಯ್ತು ಇವನಿಗೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೊಸೆ ಅಲ್ಲೇ ಪಾಠ ಕಲಿಯಬಹುದಿತ್ತು. ಕಲಿಯಲಿಲ್ಲ, ತನ್ನ ಚಪ್ಪಲಿಯನ್ನೂ ಕಳಚಲು ಬಗ್ಗಿದ್ದಳು.

ಮರುದಿನ ಬೆಳಿಗ್ಗೆ ಮುದುಕನಲ್ಲಿಗೆ ಹೋದರು. ಕಿರಿದಾದ ಬೀದಿ, ಸವೆದ ಮೆಟ್ಟಿಲು, ಮೇಲೆ ಒಂದು ಉದ್ದನೆಯ ಕೋಣೆ. ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಂದ ವಾಸನೆಗೆ ಸೊಸೆಯ ಹೆಗಲು ತಾನಾಗಿ ಇಳಿಯಿತು. ಹಸಿ ಮರ, ಅಂಟಿಸುವ ಸರೇಸು, ಎಣ್ಣೆ ಹಚ್ಚಿದ ಕಬ್ಬಿಣ. ತೊಲೆಯಿಂದ ಅಚ್ಚುಗಳು ಜೊತೆಜೊತೆಯಾಗಿ ನೇತಾಡುತ್ತಿದ್ದವು, ಪ್ರತಿ ಜೊತೆಗೂ ಒಂದು ಚೀಟಿ. ಕಿಟಕಿಯ ಪಕ್ಕ ಮೇಜು, ಮೇಜಿನ ಪಕ್ಕ ಸಣ್ಣ ಒಲೆ, ಒಲೆಯ ಪಕ್ಕ ಬುಟ್ಟಿ. ಮುದುಕನ ಎಡ ಹೆಗಲು ಬಲದಕ್ಕಿಂತ ತಗ್ಗು. ನಲವತ್ತು ವರ್ಷ ಒಂದೇ ಕಡೆಯಿಂದ ಅರ ಉಜ್ಜಿದವರ ಹೆಗಲು ಹಾಗಿರುತ್ತದೆ. ಮಾವನದೂ ಹಾಗೇ ಇತ್ತು.

ಮುದುಕ ತನ್ನದೊಂದು ಅಚ್ಚನ್ನು ತಂದು ಅವಳ ಮುಂದಿಟ್ಟ. ಅದರ ಪಕ್ಕದಲ್ಲಿ ಒಂದು ಸೀಮೆಸುಣ್ಣದ ತುಂಡು ಇಟ್ಟ. ಮಗಳು ಭಾವನವರಿಗೆ ಏನೋ ಹೇಳಿದಳು.

"ಇದು ಹೇಗಿದೆ ಅಂತ ಕೇಳ್ತಿದ್ದಾರೆ," ಎಂದರು ಭಾವನವರು.

ಅವಳು ಎತ್ತಿಕೊಂಡಳು. ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ತಿಳಿಯಿತು. ಕಿರುಬೆರಳಿನ ಪಕ್ಕದಲ್ಲಿ ಉಗುರಿನಷ್ಟು ಮರ ಹೆಚ್ಚು. ಅವಳ ಕೈ ಸೀಮೆಸುಣ್ಣದ ಕಡೆ ಅರ್ಧ ಹೋಗಿತ್ತು. ಭಾವನವರು ಕೆಮ್ಮಿದರು.

ಕೈ ವಾಪಸು ಬಂತು. "ತುಂಬಾ ಚೆನ್ನಾಗಿದೆ," ಎಂದಳು.

ಭಾವನವರು ಅದನ್ನು ಆ ಭಾಷೆಗೆ ತಿರುಗಿಸುವಾಗ ಏನೇನು ಸೇರಿಸಿದರೋ, ಮಗಳಿಗೆ ಕೇಳಿ ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮುದುಕ ಎರಡನೆಯದನ್ನು ತಂದ. ಇದರ ಪಾದದ ಮೇಲುಬ್ಬು ಒಂದು ಪಕ್ಕಕ್ಕೆ ವಾಲಿತ್ತು. ಅರೆಗುರುಡನಿಗೂ ಕಾಣುವ ತಪ್ಪು. ಮತ್ತೆ ಕೆಮ್ಮು, ಮತ್ತೆ "ಚೆನ್ನಾಗಿದೆ." ಮುದುಕ ಅವಳ ಮುಖವನ್ನೇ ನೋಡಿದ. ಎದ್ದು ಹೋಗಿ ಮೂರನೆಯದನ್ನು ತಂದು ಮೇಜಿನ ಮೇಲೆ ಇಟ್ಟ. ಅದರ ಹಿಮ್ಮಡಿ ಎಷ್ಟು ಸೊಟ್ಟಗಿತ್ತೆಂದರೆ, ಅಚ್ಚು ಮೇಜಿನ ಮೇಲೆ ನಿಲ್ಲದೆ ತೊಟ್ಟಿಲಿನಂತೆ ತೂಗಿತು.

"ಇದೂ ಚೆನ್ನಾಗಿದೆ," ಎಂದಳು ಸೊಸೆ, ನೆಲ ನೋಡುತ್ತಾ.

"ಇಂಥ ಕೆಲಸ ನಮ್ಮ ಕಡೆ ಕಾಣಸಿಗೋದಿಲ್ಲ ಅಂತ ಸೇರಿಸಿದ್ದೀನಿ," ಎಂದು ಭಾವನವರು ಪಿಸುಗುಟ್ಟಿದರು.

ಮುದುಕ ಸೀಮೆಸುಣ್ಣವನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅವಳು ತಂದಿದ್ದ ಎರಡು ಜೊತೆಯ ಗಂಟನ್ನು ಬಿಚ್ಚಿದವನು, ಕೈಯಿಟ್ಟು ನೋಡುವ ಮೊದಲೇ ಮತ್ತೆ ಕಟ್ಟಿಬಿಟ್ಟ. ಟೀ ಬಂತು. ಎರಡನೆಯ ಲೋಟವೂ ಬಂತು. ಕಾಗದ ಬರೆಯುತ್ತೇವೆ ಎಂದಳು ಮಗಳು, ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ಗಂಟು ಹೇಗೆ ಹೋಗಿತ್ತೋ ಹಾಗೇ ಸೊಸೆಯ ಕೈಗೆ ಬಂತು.

"ಗೆದ್ದೆವಮ್ಮ," ಎಂದರು ಭಾವನವರು ಬೀದಿಗಿಳಿದ ಮೇಲೆ. "ಎರಡನೇ ಲೋಟ ಎಲ್ಲರಿಗೂ ಕೊಡೋದಿಲ್ಲ. ಎಪ್ಪತ್ತನೇ ನಿಯಮ."

ಸಂಜೆ ಹೋಟೆಲಿನ ತನ್ನ ಕೋಣೆಯಲ್ಲಿ ಒಬ್ಬಳೇ ಕೂತಾಗ ಅವಳಿಗೆ ಮಾವನ ನೆನಪಾಯಿತು. ಹೊಸದಾಗಿ ಮದುವೆಯಾಗಿ ಬಂದಿದ್ದಾಗ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ್ದಳು. ಇದೇ ಕೆಲಸದವರು ಯಾರಾದರೂ ದೂರದ ಊರಿಂದ ಬಂದರೆ, ನೀರು ಕೊಡುವುದಕ್ಕೂ ಮೊದಲು ಮಾವ ತನ್ನದೊಂದು ಅಚ್ಚನ್ನು ಮುಂದಿಟ್ಟು ಪಕ್ಕದಲ್ಲಿ ಸೀಮೆಸುಣ್ಣ ಇಡುತ್ತಿದ್ದ. ತಪ್ಪು ಹುಡುಕಿ ಗೀಟು ಹಾಕಿದವನಿಗೆ ಊಟ, ಅರ್ಧ ದಿನದ ಮಾತು, ಹೊರಡುವಾಗ ಬೀದಿಯ ಕೊನೆಯವರೆಗೆ ಜೊತೆ. ಚೆನ್ನಾಗಿದೆ ಎಂದವನಿಗೆ ಟೀ. ಹೊಗಳುವವನಿಗೆ ಕಣ್ಣಿಲ್ಲ, ಇಲ್ಲಾ ನನ್ನ ಮೇಲೆ ನಂಬಿಕೆ ಇಲ್ಲ, ಎರಡರಲ್ಲಿ ಯಾವುದಾದ್ರೂ ಅವನ ಜೊತೆ ಕೆಲಸ ಆಗೋದಿಲ್ಲ ಎನ್ನುತ್ತಿದ್ದ.

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಪರದೇಶದ ಮರ್ಯಾದೆ ಎಂದು ನೂರೆಂಟು ಬಾಯಿಪಾಠ ಮಾಡಿಕೊಂಡು ಬಂದವಳಿಗೆ, ಎದುರಿಗಿದ್ದದ್ದು ತನ್ನ ಮನೆಯ ಮರ್ಯಾದೆಯೇ ಎಂದು ಹೊಳೆಯಲಿಲ್ಲ. ಸೀಮೆಸುಣ್ಣ ಕಣ್ಣಿಗೆ ಕಂಡಿತ್ತು. ಕೈಯೂ ಹೋಗಿತ್ತು. ಒಂದು ಕೆಮ್ಮಿಗೆ ಇಪ್ಪತ್ತು ವರ್ಷದ ಕೈ ಹಿಂದೆ ಬಂತು. ಭಾವನವರನ್ನು ಬೈದುಕೊಂಡಳು, ಆದರೆ ಮೂರು ಸಲ ಚೆನ್ನಾಗಿದೆ ಎಂದ ಬಾಯಿ ತನ್ನದೇ ಎಂಬುದು ಅವಳಿಗೆ ಗೊತ್ತಿತ್ತು.

ಬೆಳಗಾದ ಕೂಡಲೇ ಗಂಟು ಕಂಕುಳಿಗೆ ಸೇರಿಸಿ ಒಬ್ಬಳೇ ಹೊರಟಳು. ಭಾವನವರಿಗೆ ಹೇಳಲಿಲ್ಲ. ಹೇಳಿದರೆ ಜೊತೆಗೆ ಬಂದು ಕೆಮ್ಮುತ್ತಾರೆ.

ಮುದುಕ ಒಬ್ಬನೇ ಇದ್ದ. ಅವಳನ್ನು ನೋಡಿ ಹುಬ್ಬೇರಿಸಿದ, ಒಳಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ನೇರ ಮೇಜಿಗೆ ಹೋಗಿ, ಅಲ್ಲೇ ಬಿದ್ದಿದ್ದ ಮೂರು ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡು ಕೈ ಚಾಚಿದಳು. ಮುದುಕ ಸ್ವಲ್ಪ ಹೊತ್ತು ಆ ಅಂಗೈಯನ್ನು ನೋಡಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಅದರ ಮೇಲಿಟ್ಟ.

ಮೊದಲನೆಯದಕ್ಕೆ ಕಿರುಬೆರಳಿನ ಪಕ್ಕ ಗೀಟು. ಎರಡನೆಯದಕ್ಕೆ ಮೇಲುಬ್ಬಿನ ಮೇಲೆ ಒಂದು, ಹೆಬ್ಬೆರಳಿನ ಕೆಳಗೆ ಇನ್ನೊಂದು. ಆ ಇನ್ನೊಂದನ್ನು ಮುದುಕ ಬಗ್ಗಿ ನೋಡಿ, ಬೆರಳಾಡಿಸಿ, ಹೂಂ ಎಂದ. ಮೂರನೆಯದರ ಹಿಮ್ಮಡಿಗೆ ಗೀಟು ಹಾಕಲು ಹೋದವಳನ್ನು ತಡೆದು, ಸೀಮೆಸುಣ್ಣ ಕಿತ್ತುಕೊಂಡು, ತಾನೇ ಅದರ ಮೇಲೆ ದೊಡ್ಡದೊಂದು ಸೊನ್ನೆ ಹಾಕಿದ. ಹಾಕಿ ಒಲೆಯ ಪಕ್ಕದ ಬುಟ್ಟಿಗೆ ಎಸೆದ. ಸೊಸೆಗೆ ನಗು ಬಂತು. ಮುದುಕನೂ ನಕ್ಕ, ಅವನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ.

ಆಮೇಲೆ ಅವನು ಅವಳ ಗಂಟು ಬಿಚ್ಚಿದ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿಯೂ ನೋಡಿದ. ಅಷ್ಟರಲ್ಲಿ ಮಗಳು ಬಂದಳು. ಅಪ್ಪ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ಅವಳು ಕೈಸನ್ನೆಯಲ್ಲಿ ತಿಳಿಸಿದ್ದು ಇಷ್ಟು: ಅಪ್ಪ ಇವನ್ನು ಇವತ್ತು ಇಟ್ಟುಕೊಳ್ಳುತ್ತಾನೆ, ಚರ್ಮ ಎಳೆದು ನೋಡಿ ಗೀಟು ಹಾಕಿ ನಾಳೆ ಹೋಟೆಲಿಗೆ ಕಳಿಸುತ್ತಾನೆ, ನಾಡಿದ್ದು ತಿದ್ದಿ ತಂದು ತೋರಿಸು. ನಾಡಿದ್ದು ಸಂಜೆಗೇ ಅವರ ವಾಪಸು ಪ್ರಯಾಣ.

ಚೀಟಿಯನ್ನು ಭಾವನವರಿಗೆ ಕೊಟ್ಟು, ಬೀದಿಯಲ್ಲಿ ಮಗಳು ಸಿಕ್ಕಿದ್ದಳು, ಅಚ್ಚುಗಳನ್ನು ಅವಳೇ ತೆಗೆದುಕೊಂಡು ಹೋದಳು ಎಂದಳು. ಅವರು ಗಟ್ಟಿಯಾಗಿ ಓದಿದರು. "ನಾಳೆ ನಿಮ್ಮ ಅಚ್ಚುಗಳನ್ನು ತಲುಪಿಸುತ್ತೇವೆ. ನಾಡಿದ್ದು ಬೆಳಿಗ್ಗೆ ತಂದೆಯವರು ಕಾಯುತ್ತಾರೆ." ಗೀಟಿನ ಮಾತು ಅದರಲ್ಲಿ ಇರಲಿಲ್ಲ. ಆ ಹುಡುಗಿಗೆ ಅದು ಬರೆಯಬೇಕಾದ ಮಾತೆಂದೇ ಅನ್ನಿಸಿರಲಿಕ್ಕಿಲ್ಲ. ಸೊಸೆ ಬಾಯಿಬಿಟ್ಟು ಹೇಳಬಹುದಿತ್ತು. ಇವರಿಗೆ ಹೇಳಿ ಏನು ಪ್ರಯೋಜನ, ಹೇಳಿದರೆ ಕ್ಷಮಾಪಣೆ ಪತ್ರ ಬರೆಯಲು ಕೂರುತ್ತಾರೆ ಎಂದು ಮೂಗು ಮುರಿದು ಸುಮ್ಮನಾದಳು.

ಆ ಮೂಗು ಮುರಿತಕ್ಕೆ ಬೆಲೆ ತೆತ್ತದ್ದು ಮರುದಿನ. ತಿದ್ದುವುದಕ್ಕೆ ಒಂದು ಸಣ್ಣ ಅರ, ಉಜ್ಜುವ ಕಾಗದ ಬೇಕೆಂದು ಅಂಗಡಿ ಹುಡುಕಿ ಹೋಗಿದ್ದಳು. ಹಿಂತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ. ಭಾವನವರ ಕೋಣೆಯ ಬಾಗಿಲು ತೆರೆದಿತ್ತು. ಅವರು ಅಂಗಿಯ ತೋಳು ಮಡಿಸಿಕೊಂಡು, ಮಂಚದ ಮೇಲೆ ಹೋಟೆಲಿನ ಟವೆಲು ಹಾಸಿಕೊಂಡು ಕೂತಿದ್ದರು. ಟವೆಲಿನ ಮೇಲೆ ನಾಲ್ಕು ಅಚ್ಚುಗಳು, ಸ್ನಾನ ಮಾಡಿಸಿದ ಕೂಸುಗಳ ಹಾಗೆ ಹೊಳೆಯುತ್ತಿದ್ದವು.

"ಬಂದೆಯಾ, ಕೂತ್ಕೋ," ಎಂದರು ಮೆಲ್ಲಗೆ. "ಮನಸ್ಸಿಗೆ ತಗೋಬೇಡ. ಒಂದು ವಿಷಯ ನಿನಗೆ ಹೇಳಬಾರದು ಅಂತಿದ್ದೆ."

"ಏನಾಯ್ತು, ಭಾವ?"

"ಅವರು ಇದರ ಮೇಲೆಲ್ಲ ಗೀಚಿ ಕಳಿಸಿದ್ದರಮ್ಮ. ಬೇಕಂತಲೇ. ಎಲ್ಲೆಂದರಲ್ಲಿ ಸುಣ್ಣ. ನೀನು ನೋಡಿದ್ರೆ ಎಷ್ಟು ನೊಂದ್ಕೋತಿದ್ದೆ. ಅದಕ್ಕೇ ಒದ್ದೆ ಬಟ್ಟೆ ತಗೊಂಡು ಚೆನ್ನಾಗಿ ಒರೆಸಿಟ್ಟೆ. ಒಂದು ಕಲೆ ಉಳಿದಿಲ್ಲ ನೋಡು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ ಇರಬೇಕು. ಸೊಸೆ ಅಚ್ಚುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನಿಜವಾಗಿ ಚೆನ್ನಾಗಿ ಒರೆಸಿದ್ದರು. ಜನ್ಮದಲ್ಲಿ ಮರ ಮುಟ್ಟದ ಮನುಷ್ಯ ಮೊದಲ ಸಲ ಮುಟ್ಟಿದ್ದ, ಅದೂ ಇಷ್ಟು ಶ್ರದ್ಧೆಯಿಂದ.

"ಎಷ್ಟು ಗೀಟು ಇದ್ವು?" ಎಂದಳು.

"ಯಾರು ಎಣಿಸ್ತಾರೆ? ಐದೋ ಆರೋ."

"ಎಲ್ಲೆಲ್ಲಿ?"

"ಅವಮಾನದ ಲೆಕ್ಕ ಇಡಬಾರದು. ಎಂಬತ್ತೊಂಬತ್ತನೇ..."

"ಭಾವ," ಎಂದಳು. ಇಪ್ಪತ್ತು ವರ್ಷದಲ್ಲಿ ಅವರೆದುರು ದನಿ ಎತ್ತದವಳು ಆಗಲೂ ಎತ್ತಲಿಲ್ಲ. ಆದರೆ ನೋಟ್‌ಬುಕ್ಕು ಅವರ ತೊಡೆಯ ಮೇಲಿಂದ ಜಾರಿ ಮಂಚದ ಕೆಳಗೆ ಹೋಯಿತು. "ಅದು ಅವಮಾನ ಅಲ್ಲ. ಅವರು ನಂಗೆ ಕೊಟ್ಟ ಮರ್ಯಾದೆ. ನೀವು ಒರೆಸಿದ್ದು ಅದನ್ನ." ಹಿಂದಿನ ದಿನ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು ಎಂದೂ ಹೇಳಿದಳು.

ಭಾವನವರು ನಾಲ್ಕು ಅಚ್ಚುಗಳನ್ನೂ ಒಂದೊಂದಾಗಿ ನೋಡಿದರು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. "ನಿನಗೆ ನೋವಾಗಬಾರದು ಅಂತ ಮಾಡಿದೆನಮ್ಮ," ಎಂದರು ಕೊನೆಗೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಅವಳು ಅವರನ್ನು ಸಲೀಸಾಗಿ ದ್ವೇಷಿಸಬಹುದಿತ್ತು.

"ನಾಳೆ ನೀವೇ ಬಂದು ಅವರಿಗೆ ಹೇಳಿ," ಎಂದಳು.

ಮರುದಿನ ಬೆಳಿಗ್ಗೆ ಅವರು ಕರಿ ಕೋಟು ಹಾಕಿಕೊಂಡು ಬಂದರು. ಕ್ಷಮೆ ಕೇಳುವಾಗ ಗಾಢ ಬಣ್ಣ ಉಡಬೇಕಂತೆ. ಮುದುಕನ ಮುಂದೆ ನಿಂತು ಮಗಳಿಗೆ ಹೇಳತೊಡಗಿದರು. ಪೀಠಿಕೆ ಇತ್ತು, ಎರಡೂ ದೇಶಗಳ ಸ್ನೇಹದ ಪ್ರಸ್ತಾಪ ಇತ್ತು ಎಂದು ಅವರ ಕೈಯಾಟದಿಂದಲೇ ತಿಳಿಯುತ್ತಿತ್ತು. ಮಗಳು ಕೇಳಿ ಮುಗಿಸಿ ಅಪ್ಪನಿಗೆ ನಾಲ್ಕೇ ಮಾತಿನಲ್ಲಿ ಹೇಳಿದಳು. ಮುದುಕ ಶುಭ್ರವಾದ ನಾಲ್ಕು ಅಚ್ಚುಗಳನ್ನು ನೋಡಿದ. ಗಡಿಯಾರ ನೋಡಿದ. ಆಮೇಲೆ ಏನೋ ಹೇಳಿ ಸೀಮೆಸುಣ್ಣವನ್ನು ಸೊಸೆಯ ಕಡೆ ನೂಕಿದ.

"ನಾನು ಎರಡು ಸಲ ಹಾಕೋದಿಲ್ಲ. ನಿನ್ನ ತಪ್ಪು ನೀನೇ ತೋರಿಸು ಅಂತಾರೆ," ಎಂದರು ಭಾವನವರು. ಈ ಸಲ ಏನೂ ಸೇರಿಸಲಿಲ್ಲ.

ಇನ್ನೊಬ್ಬರ ಮರದಲ್ಲಿ ತಪ್ಪು ಕಾಣುವುದು ಸುಲಭ. ತನ್ನದರಲ್ಲಿ ಕಂಡಿದ್ದರೆ ಮೊದಲೇ ತಿದ್ದುತ್ತಿರಲಿಲ್ಲವೇ? ಸೊಸೆ ಮೊದಲ ಅಚ್ಚನ್ನು ಹಿಡಿದು ಕಣ್ಣು ಮುಚ್ಚಿದಳು. ಕೆಳಗಿನ ಕೋಣೆ, ಕಿಟಕಿಯ ಕೆಳಗಿನ ಮೇಜು, ಮಾವನ ಅರಗಳು, ಅಲ್ಲೆಲ್ಲ ಕನ್ನಡಿ ಹೊಡೆದ ಗೋಡೆ ಕಣ್ಣೊಳಗೆ ಬಂತು. ಭಾವನವರ ಕಡೆಯಿಂದ ಕೆಮ್ಮು ಬರಲಿಲ್ಲ. ಹೆಬ್ಬೆರಳನ್ನು ಹಿಮ್ಮಡಿಯಿಂದ ಮುಂದಕ್ಕೆ ನಿಧಾನವಾಗಿ ಎಳೆದಳು. ತನ್ನ ಕೈ ಎಲ್ಲಿ ಅವಸರ ಮಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಂಜೆಯ ಹೊತ್ತು, ಒಲೆಯ ಮೇಲೆ ಅಡುಗೆ ಇಟ್ಟು ಬಂದು ಉಜ್ಜುವಾಗ, ಒಳಪಾದದ ತಿರುವಿನಲ್ಲಿ. ಅಲ್ಲೊಂದು ಗೀಟು. ಬೆರಳುಗಳ ಮೊದಲ ಗಂಟಿನ ಮೇಲೆ ಒಂದು. ಎಡದ್ದರ ಹಿಮ್ಮಡಿಗೆ ಒಂದು. ಎರಡನೆಯ ಜೊತೆಯಲ್ಲಿ ಎರಡು. ಐದಾಯಿತು. ಮುದುಕ ಹೂಂ ಎಂದು ಕೈ ಚಾಚಿದ, ಸಾಕು ಎಂಬಂತೆ. ಅವಳು ಸೀಮೆಸುಣ್ಣ ಕೊಡಲಿಲ್ಲ. ಕೊನೆಯ ಅಚ್ಚಿನ ಮೇಲುಬ್ಬಿನಲ್ಲಿ ಇನ್ನೊಂದು ಸಣ್ಣ ಗೀಟು ಎಳೆದಳು.

ಮುದುಕ ಆ ಆರನೆಯದರ ಮೇಲೆ ತನ್ನ ಬೆರಳಿಟ್ಟ. ತೆಗೆದ. ಮತ್ತೆ ಇಟ್ಟ. ಮಗಳ ಕಡೆ ತಿರುಗಿ ಏನೋ ಗೊಣಗಿದ.

"ಅದು ಅವರಿಗೆ ಸಿಕ್ಕಿರಲಿಲ್ಲವಂತೆ," ಎಂದರು ಭಾವನವರು.

ಮುದುಕ ಮೇಜಿನಿಂದ ಎದ್ದು ತನ್ನ ಜಾಗ ಬಿಟ್ಟುಕೊಟ್ಟ, ತನ್ನ ಅರವನ್ನು ಅವಳ ಕೈಗಿಟ್ಟ. ಮಧ್ಯಾಹ್ನದವರೆಗೆ ಅವಳು ಅಲ್ಲೇ ಕೂತು ಆರನ್ನೂ ತಿದ್ದಿದಳು. ಅವನು ಎರಡು ಸಲ ಎದ್ದು ಬಂದು ನೋಡಿ ಹೋದ. ಮುನ್ನೂರು ಜೊತೆಯ ಕರಾರನ್ನು ಮಗಳು ಬರೆದಳು. ಬೀದಿಯ ಕೊನೆಯವರೆಗೆ ಜೊತೆ ಬರುವುದಕ್ಕೆಂದು ಮುದುಕ ಟೋಪಿಯನ್ನೂ ಹಾಕಿಕೊಂಡ.

ಹೊರಡುವ ಮೊದಲು ಅವನಿಗೆ ಭಾವನವರ ನೆನಪಾಯಿತು. ಬಂದು ಅವರ ಎದುರು ನಿಂತ. ಮುಂದಿನಿಂದ ನೋಡಿದ, ಸುತ್ತು ಹಾಕಿ ಹಿಂದಿನಿಂದ ನೋಡಿದ, ಹೆಗಲ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಕರಿ ಕೋಟಿನ ಎಡ ಎದೆಯ ಮೇಲೆ, ಅವಸರವಿಲ್ಲದೆ, ದೊಡ್ಡದೊಂದು ಸೊನ್ನೆ ಬರೆದ. ಮಗಳು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು.

ಭಾವನವರ ಕಣ್ಣು ತುಂಬಿ ಬಂತು. ಸೊನ್ನೆ ಅಳಿಸಿಹೋಗದಂತೆ ಒಂದು ಬೆರಳು ದೂರದಲ್ಲಿ ಕೈ ಹಿಡಿದು ಬಗ್ಗಿ ವಂದಿಸಿದರು. ಅರ್ಥ ಏನೆಂದು ಕೇಳಲಿಲ್ಲ. ಕೊಟ್ಟ ಗೌರವದ ಅರ್ಥ ಕೇಳಬಾರದು ಎಂಬುದು ಐವತ್ತೆಂಟನೆಯ ನಿಯಮ. ಆ ಕೋಟನ್ನು ಅವರು ದಾರಿಯುದ್ದಕ್ಕೂ ಎದೆ ಸೆಟೆಸಿಕೊಂಡು ಹಾಕಿಕೊಂಡೇ ಬಂದರು, ಗಡಿಯಲ್ಲಿ ತಪಾಸಣೆಯವನು ಮುಟ್ಟಲು ಬಂದಾಗ ಬೇಡ ಎಂದು ಕೈ ಅಡ್ಡ ಹಿಡಿದರು. ಒರೆಸಿದರೆ ಏನಾಗುತ್ತದೆ ಎಂಬುದನ್ನು ಆ ಪ್ರಯಾಣದಲ್ಲಿ ಅವರು ಕಲಿತಿದ್ದರಲ್ಲ.

ಮನೆಯ ಬಾಗಿಲಲ್ಲಿ ಅಣ್ಣನನ್ನು ಎದುರುಗೊಂಡ ಸೊಸೆಯ ಗಂಡ ಸೊನ್ನೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಅವನೂ ಆ ಮನೆಯಲ್ಲಿ ಹೊಟ್ಟಿನ ಮಧ್ಯೆ ಬೆಳೆದವನೇ.

"ಇದೇನು?" ಎಂದ ಮೆಲ್ಲಗೆ.

"ಆಮೇಲೆ ಹೇಳ್ತೀನಿ," ಎಂದಳು.

ಕೆಳಗಿನ ಕೋಣೆ ಉಳಿಯಿತು. ಅಲ್ಲಿಗೆ ಕನ್ನಡಿ ಬರಲಿಲ್ಲ, ಮುನ್ನೂರು ಜೊತೆಗೆ ಬೇಕಾದ ಮರ ಬಂತು. ಮಹಡಿಯ ನೋಟ್‌ಬುಕ್ಕಿಗೆ ಮಾತ್ರ ನೂರೊಂಬತ್ತನೆಯ ನಿಯಮ ಸೇರಿತು. ಅತ್ಯಂತ ಮೆಚ್ಚಿದ ಅತಿಥಿಯ ಎದೆಯ ಮೇಲೆ ಅವರು ಸೀಮೆಸುಣ್ಣದಿಂದ ಸೊನ್ನೆ ಬರೆಯುತ್ತಾರೆ, ಅದನ್ನು ಒರೆಸತಕ್ಕದ್ದಲ್ಲ. ಕೋಟನ್ನು ಗಾಜಿನ ಕಪಾಟಿನಲ್ಲಿ ತೂಗುಹಾಕಿದರು. ಒಂದು ದಿನ ಪಾಠದ ನಡುವೆ ಸೊಸೆಯನ್ನು ಮೇಲಕ್ಕೆ ಕರೆಸಿದರು. ಅವಳು ಹೊಟ್ಟು ಮೆತ್ತಿದ ಸೆರಗಿನಲ್ಲೇ ಬಂದು ನಿಂತಳು. ಕಾಲು ಜೋಡಿಸಿ ಕೂತ ಹದಿನೈದು ಮಂದಿ ಪೆನ್ನು ಹಿಡಿದು ಅವಳನ್ನು ನೋಡಿದರು.

"ನೀನು ಕಣ್ಣಾರೆ ನೋಡಿದವಳು, ಹೇಳಮ್ಮ," ಎಂದರು ಭಾವನವರು. "ಈ ಗೌರವ ಬಂದವರಿಗೆಲ್ಲ ಕೊಡ್ತಾರಾ?"

ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ನಿಜ ಹೇಳಿಬಿಡೋಣ ಎಂದು ಅವಳ ಬಾಯಿ ಒಂದು ಕ್ಷಣ ತೆರೆಯಿತು. ನಿನಗೆ ನೋವಾಗಬಾರದು ಅಂತ ಮಾಡಿದೆನಮ್ಮ ಎಂಬ ಮಾತು ನೆನಪಾಯಿತು. ಈಗ ಒದ್ದೆ ಬಟ್ಟೆ ಅವಳ ಕೈಗೆ ಬಂದಿತ್ತು.

"ಇಲ್ಲ, ಭಾವ," ಎಂದಳು. "ನಾನು ನೋಡಿದ ಹಾಗೆ ನಿಮಗೊಬ್ಬರಿಗೇ."

ಹದಿನೈದು ಪೆನ್ನುಗಳೂ ಅದನ್ನು ಬರೆದುಕೊಂಡವು. ಅವಳು ಮೆಟ್ಟಿಲಿಳಿದು ಕೆಳಗೆ ಬಂದಳು. ಬೆಳಿಗ್ಗೆ ಕೆಡಿಸಿದ್ದ ಒಂದು ಅಚ್ಚು ಮೇಜಿನ ಮೇಲೆ ಕಾಯುತ್ತಿತ್ತು. ಅದರ ಮೇಲೆ ಸೊನ್ನೆ ಹಾಕಿ ಒಲೆಗೆ ನೂಕಿದಳು.